ವೈನಿಯ ಹಣೆ

ಮೊನ್ನೆ ರಕ್ತ ಪರೀಕ್ಷೆಗೆ ಹೋಗಿ ಬಂದೆ. ತೋಳಿಗೆ ಅಂಟಿಸಿದ್ದ ಪಟ್ಟಿಯನ್ನು ಸಂಜೆ ಕಿತ್ತಾಗ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಕೆಳಗಿನ ಚರ್ಮ ಬೆಳ್ಳಗೆ, ಮೆತ್ತಗಾಗಿತ್ತು. ಕೂಡಲೇ ನಿಪ್ಪಾಣಿಯ ಎದುರುಮನೆ ವೈನಿ ನೆನಪಾದರು...

ಎಂಬತ್ತರ ದಶಕದ ಕೊನೆ. ನಾನು ಮದುವೆಯಾಗಿ ನಿಪ್ಪಾಣಿಗೆ ಬಂದ ಹೊಸತು. ಅಣ್ಣನ ಹೆಂಡತಿಯನ್ನು ಕರೆಯುವಂತೆ ಅವರನ್ನು ವೈನಿ ಎನ್ನುತ್ತಿದ್ದೆ. ಅವರ ಗಂಡ ತಂಬಾಕಿನ ಲಾರಿ ಓಡಿಸುತ್ತಿದ್ದರು. ಗಡಿಯ ಕೊಗನೊಳ್ಳಿ ದಾಟಿದರೆಂದರೆ ವಾರಗಟ್ಟಲೆ ಸುದ್ದಿ ಇರುತ್ತಿರಲಿಲ್ಲ. ಆಗಷ್ಟೇ ಹಣೆಗೆ ಅಂಟಿಸುವ ಟಿಕಳಿ ಅಂಗಡಿಗೆ ಬಂದಿತ್ತು. ಮೇಣ ಹಚ್ಚಿ ಕುಂಕುಮ ಇಡುವ ರಗಳೆ ತಪ್ಪಿತೆಂದು ಓಣಿಯ ಹೆಂಗಸರೆಲ್ಲ ಅದಕ್ಕೆ ಮರುಳಾದೆವು. ವೈನಿಯದಂತೂ ಸೀರೆಗೊಂದು ಬಣ್ಣ. ಗಂಡ ಮನೆಯಲ್ಲಿದ್ದರೆ ಮಲಗುವಾಗ ತೆಗೆದು ಕನ್ನಡಿಗೆ ಅಂಟಿಸುವರು. ಲಾರಿ ದಾರಿಯ ಮೇಲಿದ್ದರೆ ತೆಗೆಯುತ್ತಲೇ ಇರಲಿಲ್ಲ.

ಒಂದೆರಡು ವರ್ಷ ಏನೂ ಆಗಲಿಲ್ಲ. ಆಮೇಲೆ ತುರಿಕೆ... ಹಣೆ ಕೆಂಪಾಗಿ, ನೀರೊಡೆದು, ಒಣಗಿ, ಕೊನೆಗೆ ಕುಂಕುಮದ ಜಾಗದಲ್ಲೇ ಜೋಳದ ಕಾಳಿನಷ್ಟು ಬಿಳಿ ಮಚ್ಚೆ ಮೂಡಿತು. ಅದು ಕಾಣಬಾರದೆಂದು ವೈನಿ ದೊಡ್ಡ ಟಿಕಳಿ ತಂದರು. ಮಚ್ಚೆ ಅದರ ಅಂಚಿನಾಚೆ ಇಣುಕಿತು. ಇನ್ನೂ ದೊಡ್ಡದು ತಂದರು. "ಇನ್ನ ರೊಟ್ಟೀನ ಅಂಟಿಸ್ಕೋರಿ ವೈನಿ," ಎಂದು ನಾನು ಚೇಷ್ಟೆ ಮಾಡಿದ್ದೂ ಉಂಟು. ಅವರು ನಕ್ಕರು. ಅವರ ಅತ್ತೆ ನಗಲಿಲ್ಲ.

"ಬ್ಯಾರೆ ಕಡೆ ಆಗಿದ್ರ ಬ್ಯಾನಿ ಅನಬಹುದಿತ್ತು. ಕುಂಕುಮದ ಜಾಗಾದಾಗ ಅಂದ್ರ ಅದು ಸೂಚನಾ," ಎಂದರು.

ಅವತ್ತಿನಿಂದ ಲಾರಿ ಹೊರಡುವಾಗಲೆಲ್ಲ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ನಾನೇ ಹಟ ಹಿಡಿದು ವೈನಿಯನ್ನು ಮಿರಜಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಟಿಕಳಿಯನ್ನೇ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ಬರಲು ಹೇಳಿದರು. ಮೊದಲ ದಿನ ವೈನಿಗೆ ಏನೂ ಅನಿಸಲಿಲ್ಲ. ಮತ್ತೆ ಹೋಗಿ ಬಿಚ್ಚಿಸಿದಾಗ ಅಲ್ಲಿ ದುಂಡನೆಯ ಕೆಂಪು ದದ್ದು ಎದ್ದಿತ್ತು.

"ಮೈಯಾಗ ಕಾವಲುಗಾರ ಇರ್ತಾವ್ರಿ," ಎಂದರು ಡಾಕ್ಟರು. "ಮಂದೀದು ಕಿಡ್ನಿ ಹಾಕಿದ್ರ ತಕರಾರ ತಗೀತಾವಲ್ಲ, ಅವ ಇವು. ಈ ಗೋಂದ ನಮ್ಮದಲ್ಲ ಅಂತ ಒಮ್ಮೆ ಗುರುತ ಹಿಡಿದ್ರ ಮರೆಯಂಗಿಲ್ಲ. ಕೂಡಿ ಬರಾಕ ಎರಡ ದಿನ ಹಿಡೀತಾವ, ಅದಕ್ಕ ಟಿಕಳಿ ಮ್ಯಾಲ ಯಾರಿಗೂ ಸಂಶಯ ಬರಂಗಿಲ್ಲ. ಮೂರ ತಿಂಗಳ ಹಣಿಗೆ ಏನೂ ಹಚ್ಚಬ್ಯಾಡ್ರಿ. ಕುಂಕುಮಾನೂ ಬ್ಯಾಡ."

ಮನೆಯಲ್ಲಿ ಅತ್ತೆ ಕೇಳಿದ್ದು ಒಂದೇ: "ಮಗ ಗಾಡಿ ಮ್ಯಾಲ ಅದಾನ. ಸೊಸಿ ಬರೇ ಹಣೀಲೆ ಕುಂದರ್ತಾಳೇನು?"

ಎಲ್ಲವನ್ನೂ ಅತ್ತೆಯ ತಲೆಗೆ ಕಟ್ಟಬಹುದು, ಆದರೆ ವೈನಿಯೇ ಹೆದರಿದ್ದರು. "ಡಾಕ್ಟರ ಹೇಳಿದ್ದು ಖರೇನ ಐತಿ ತಂಗಿ. ಆದ್ರ ನಾ ತಗದ ದಿನಾನ ಅವರಿಗೆ ಏನರ ಆದ್ರ?" ಎಂದರು. ಅವರು ಮತ್ತೆ ಟಿಕಳಿ ಅಂಟಿಸಿಕೊಂಡರು. ಗಂಡ ಹೊರಗಿದ್ದಷ್ಟು ದಿನವೂ ಹಣೆ ಉರಿಯಿತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ಬಿಳಿ ಹುಬ್ಬಿನ ತನಕ ಇಳಿದಿತ್ತು...

ದೀಪಾವಳಿಗೆ ಮುಂಚೆ ಪುಣೆ ಕಡೆಯ ಘಾಟಿನಲ್ಲಿ ಲಾರಿ ಉರುಳಿತು. ಸುದ್ದಿ ತಂದವರು ಬಾಗಿಲಲ್ಲಿ ನಿಂತಾಗ ವೈನಿಯ ಹಣೆಯಲ್ಲಿ ಟಿಕಳಿ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ. ಆದರೂ ಓಣಿಯೆಲ್ಲ ಆ ಮಚ್ಚೆಯನ್ನೇ ಬೊಟ್ಟು ಮಾಡಿತು, ಸೂಚನೆ ನಿಜವಾಯಿತು ಎಂದಿತು. ಟಿಕಳಿಯನ್ನು ಅತ್ತೆಯೇ ಕಿತ್ತರು.

ಆಮೇಲೆ ಹಣೆ ವಾಸಿಯಾಗತೊಡಗಿತು. ಮೊದಲು ಉರಿ ಹೋಯಿತು. ನಂತರ ಅಂಚಿನಿಂದ ಮೆಲ್ಲಗೆ ಬಣ್ಣ ತುಂಬುತ್ತ ಬಂತು. ತವರಿಗೆ, ಶಿರಗುಪ್ಪಿಗೆ ಹೊರಟ ದಿನ ವೈನಿ ನನ್ನ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಂಡರು. "ನೋಡ ತಂಗಿ, ಈಗ ತುರಸಂಗಿಲ್ಲ," ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ವೈನಿ ಈಗಿಲ್ಲ. ಶಿರಗುಪ್ಪಿಯಿಂದ ಬಂದವರೊಬ್ಬರು ಮಾತಿನ ನಡುವೆ ಹೇಳಿದರು, ತೀರಿಕೊಂಡು ಬಹಳ ದಿನವಾಯಿತಂತೆ. ನೆನೆದಾಗ ದುಃಖಕ್ಕಿಂತ ಮೊದಲು ಸಿಟ್ಟೇ ಬರುತ್ತದೆ. ಮೂರು ತಿಂಗಳು ಆ ಹಣೆಯನ್ನು ಬರಿದಾಗಿ ಬಿಡಲು ಒಪ್ಪದ ನಾವೇ, ಆಮೇಲೆ ಅವರು ಸಾಯುವ ತನಕ ಅದರ ಮೇಲೆ ಏನನ್ನೂ ಇಡಗೊಡಲಿಲ್ಲ.