ಗೊಂಬೆಗಳ ನಡುವಿನ ಸ್ಪೇನ್ ಕೋಟೆ

ಮಗಳು ಸ್ಕೂಲಿಗೆಂದು ರಟ್ಟಿನಲ್ಲಿ ಸ್ಪೇನಿನ ಹಳೇ ಕೋಟೆಯೊಂದನ್ನು ಮಾಡಿದ್ದಳು. ಎಸೆಯಲು ಮನಸ್ಸಾಗದೆ ದಸರಾ ಗೊಂಬೆಗಳ ನಡುವೆ ಕೂರಿಸಿ, ಬಾಗಿಲಿಗೆ ಎದುರಾಗಿ ಜಂಬೂಸವಾರಿಯ ಆನೆಗಳನ್ನು ನಿಲ್ಲಿಸಿದೆ. ಅಮೆರಿಕದ ಫ್ಲೂಗರ್‌ವಿಲ್‌ನ ನಮ್ಮ ಮನೆಗೆ ಗೊಂಬೆ ನೋಡಲು ಆಫೀಸಿನವರೂ ಬಂದರು. ಹೊಸ ಮ್ಯಾನೇಜರ್ ಕಾರ್ಮೆನ್ ಸ್ಪೇನಿನವರು ಅನ್ನೋದು ನನಗೆ ನೆನಪಾದದ್ದೇ ಅವರು ಕೋಟೆ ಮುಂದೆ ಬಗ್ಗಿ ಬಾಗಿಲೊಳಗೆ ಇಣುಕಿದಾಗ. ಮೀಟಿಂಗಿನಲ್ಲಿ ಒಮ್ಮೆಯೂ ನಗದ ಹೆಂಗಸು. ಕುಂಕುಮದ ತಟ್ಟೆ ಹಿಡಿದು ಅವರ ಪಕ್ಕಕ್ಕೆ ಹೋದೆ.

“ಬಾಗಿಲು ತಪ್ಪು,” ಅಂದರು. “ನಮ್ಮೂರಿನ ಕೋಟೆ ಮೊದಲು ಅರಬ್ಬರು ಕಟ್ಟಿದ್ದು. ಆಮೇಲೆ ಬಂದ ಕ್ರೈಸ್ತ ರಾಜರು ಗೋಪುರ ಎತ್ತರಿಸಿದರು, ಬಾಗಿಲು ಮಾತ್ರ ಮುಟ್ಟಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ದಾರಿ ತಿರುಗಬೇಕು. ಶತ್ರು ನೇರ ನುಗ್ಗಬಾರದು.”

“ನಮ್ಮ ಚಿತ್ರದುರ್ಗದಲ್ಲೂ ಹಾಗೇ,” ಅಂದೆ. “ಆನೆ ಓಡಿ ಬಂದು ಬಾಗಿಲು ಗುದ್ದಬಾರದು ಅಂತ.”

ಅವರು ಕತ್ತರಿ ಕೇಳಿದರು. ಕೂರಿಸಿದ ಗೊಂಬೆಯನ್ನು ಹಬ್ಬದ ನಡುವೆ ಎತ್ತಬಾರದು ಅಂತಾರೆ. ಕೋಟೆ ಗೊಂಬೆಯಲ್ಲವಲ್ಲ ಅಂದುಕೊಂಡು ಎತ್ತಿದೆ. ಇಬ್ಬರೂ ನೆಲದ ಮೇಲೆ ಕೂತು ರಟ್ಟು ಕತ್ತರಿಸಿ, ಬಾಗಿಲ ಹಿಂದೆ ತಿರುವೊಂದನ್ನು ಅಂಟಿಸುವಷ್ಟರಲ್ಲಿ ಗುಗ್ಗರಿ ಆರಿಹೋಗಿತ್ತು.

ಮಗಳು ಅಂಬಾರಿ ಆನೆಯನ್ನು ಒಳಗೆ ತಳ್ಳಿ ನೋಡಿದಳು. ಅದು ತಿರುವಿನಲ್ಲಿ ಸಿಕ್ಕಿಕೊಂಡಿತು. ಕಾರ್ಮೆನ್ ಮೊದಲ ಸಲ ನಕ್ಕರು. ಅಂಬಾರಿಯಲ್ಲಿ ಕೂತ ಚಾಮುಂಡಿಯನ್ನೇ ತಡೆದ ಮೇಲೆ ಕೋಟೆ ಸರಿಯಾಗಿದೆ ಅಂತಲೇ ಅರ್ಥ.