ಮರಳುದಿಬ್ಬದಲ್ಲಿ ಮೊನಾರ್ಕ್ ಹುಡುಕಿ

ವಲಸೆ ಹೊರಟ ಮೊನಾರ್ಕ್ ಚಿಟ್ಟೆಗಳನ್ನು ತೋರಿಸುತ್ತೇನೆಂದು ಧಾರವಾಡದ ಗೆಳೆಯ ಬಸವರಾಜ, ಕ್ಯಾಮೆರಾಕ್ಕೆ ಹೊಸ ರೋಲು ತುಂಬಿಸಿಕೊಂಡು, ನನ್ನ ಕೈಲಿ ನೆದರ್ಲೆಂಡ್ಸಿನ ಲೈಡನ್‌ನಿಂದ ಸಮುದ್ರದಂಡೆಯ ಮರಳುದಿಬ್ಬದವರೆಗೆ ಎದುರುಗಾಳಿಯಲ್ಲಿ ಸೈಕಲ್ ತುಳಿಸಿದ. ಅಲ್ಲಿ ಚಿಟ್ಟೆ ಎಣಿಸುತ್ತ ಕೂತಿದ್ದ ಡಚ್ ಅಜ್ಜಿಯನ್ನು ಕೇಳಿದರೆ ಅವರು ನಕ್ಕುಬಿಟ್ಟರು.

"ಮೊನಾರ್ಕ್ ಅಮೆರಿಕದ್ದು. ಇಲ್ಲಿ ದಕ್ಷಿಣಕ್ಕೆ ಹೋಗುವುದು ಕಪ್ಪು-ಕೆಂಪು ಅಟಲಾಂಟಾ ಚಿಟ್ಟೆ."

"ಒಂದ್ ಸಮುದ್ರ ಅಷ್ಟ ತಪ್ಪೇತಲ್ಲೋ," ಎಂದ ಬಸವರಾಜ.

"ನನ್ನ ಭಾನುವಾರ ಪೂರ್ತಿ ಹಾಳ್ಮಾಡ್ದೆ ಕಣೋ!" ಎಂದು ರೇಗಿ ನಾನು ಹೊರಟೆ. ಅಷ್ಟರಲ್ಲಿ ಕಪ್ಪು ರೆಕ್ಕೆಗೆ ಕೆಂಪು ಪಟ್ಟಿಯಿದ್ದ ಚಿಟ್ಟೆಯೊಂದು ಗಾಳಿಗೆ ಸೋತು ನನ್ನ ತೋಳಿನ ಮೇಲೆ ಕೂತಿತು.

"ಅಲ್ಲಾಡಬೇಡಿ!" ಎಂದು ಅಜ್ಜಿ ಗದರಿದರು.

ಚಳಿಗೆ ಮೂಗು ಸುರಿಯತೊಡಗಿತು. ಒರೆಸಿಕೊಳ್ಳಲು ಕೈ ಎತ್ತುವಂತಿಲ್ಲ.

"ಇನ್ನೂ ಎಷ್ಟೊತ್ತು ಹೀಗೇ ನಿಲ್ಲೋದೋ?"

"ಅದು ಸ್ಪೇನ್ ತನಕಾ ಹೋಗಬೇಕಲೇ, ಸ್ವಲ್ಪ ದಣಿವಾರಿಸ್ಕೊಳ್ಳಲಿ ಬಿಡು," ಎಂದ ಬಸವರಾಜ ತನ್ನ ಕರ್ಚೀಫು ತೆಗೆದು ನನ್ನ ಮೂಗು ಒರೆಸಿದ.