ಮೊದಲ ರೊಟ್ಟಿ ಯಾರ ಕೈಗೆ

ಆಗೆಲ್ಲ ವುಡ್‌ರಿಡ್ಜ್‌ನ ಮಕ್ಕಳಾದ ನಮಗೆ ಬೇಸಿಗೆ ರಜೆ ಎಂದರೆ ಎಲೆನಾ ಆಂಟಿಯ ಟೋರ್ಟಿಯಾ ಅಂಗಡಿ, ಅಂದರೆ ಮೆಕ್ಕೆಜೋಳದ ರೊಟ್ಟಿಯ ಅಂಗಡಿ. ನಿಮ್ಮ ಬಾಲ್ಯದಲ್ಲೂ ಅಂಥದೊಂದು ಅಂಗಡಿ ಇದ್ದಿರಬೇಕು, ಬರಿಗೈಯಲ್ಲಿ ಹೋದರೂ ತಿನ್ನಲು ಏನಾದರೂ ಸಿಗುವಂಥದು. ಅವರಪ್ಪ ಮೆಕ್ಸಿಕೋದಿಂದ ಬಂದು ತಳ್ಳುಗಾಡಿಯಲ್ಲಿ ಶುರು ಮಾಡಿದ ವ್ಯಾಪಾರ ಅದು. ನಮ್ಮ ಮನೆಯಲ್ಲಿ ಆಂಟಿಯ ಅಪ್ಪನಿಗೆ ಅಜ್ಜ ಎಂದೇ ಹೆಸರು. ಸುಣ್ಣದ ನೀರಿನಲ್ಲಿ ಬೆಂದ ಮೆಕ್ಕೆಜೋಳದ ವಾಸನೆ ಪಾರ್ಕಿಂಗ್ ಲಾಟ್‌ವರೆಗೂ ಬರುತ್ತಿತ್ತು. ಮೆಷಿನ್‌ನಿಂದ ಇಳಿದ ಬಿಸಿ ರೊಟ್ಟಿಗೆ ಉಪ್ಪು ಉದುರಿಸಿ, ಸುರುಳಿ ಸುತ್ತಿ ಆಂಟಿ ನಮ್ಮ ಕೈಗಿಡುತ್ತಿದ್ದರು. ಜೋಳ ನೆನೆಹಾಕುವುದರಿಂದ ಹಿಡಿದು ಗಿರಾಕಿಗಳ ತಕರಾರಿನವರೆಗೆ ಎಲ್ಲವೂ ಅವರ ತಲೆಯ ಮೇಲೆ. ಅವರಣ್ಣ ಡೆಟ್ರಾಯಿಟ್‌ನಲ್ಲಿ ಕಾರು ಮಾರಿಕೊಂಡು ಆರಾಮಾಗಿದ್ದ.

ಒಂದು ಬೇಸಿಗೆ ಹತ್ತಿರದ ಪ್ಲೇನ್‌ಫೀಲ್ಡ್‌ನಲ್ಲಿ ಅವರದೇ ಇನ್ನೊಂದು ದೊಡ್ಡ ಅಂಗಡಿ ಶುರುವಾಯಿತು. ಅವರ ಮನೆಯಲ್ಲೊಂದು ಪದ್ಧತಿ. ಹೊಸ ಮೆಷಿನ್‌ನ ಮೊದಲ ರೊಟ್ಟಿಯನ್ನು ಅಜ್ಜ ಯಾರಿಗೆ ಕೊಡುತ್ತಾರೋ, ಮುಂದೆ ಯಜಮಾನಿಕೆ ಅವರದು.

“ಈ ಸಲ ನನಗೇ,” ಎಂದು ಎಲೆನಾ ಆಂಟಿ ಅಮ್ಮನಿಗೆ ಇಂಗ್ಲಿಷಿನಲ್ಲಿ ಗುಟ್ಟಾಗಿ ಹೇಳಿದ್ದರು.

ಹೊಸ ಅಂಗಡಿ ತೆರೆದ ದಿನ ಆಂಟಿ ಹೊಸ ನೀಲಿ ಫ್ರಾಕು ಹಾಕಿಕೊಂಡು ಮೆಷಿನ್ ಪಕ್ಕದಲ್ಲೇ ನಿಂತಿದ್ದರು. ಅಜ್ಜ ರೊಟ್ಟಿ ಎತ್ತಿಕೊಂಡರು. ಆಂಟಿ ಎರಡೂ ಕೈ ಚಾಚಿದರು. ಅಜ್ಜ ಅವರನ್ನು ದಾಟಿ ಹೋಗಿ, ಡೆಟ್ರಾಯಿಟ್‌ನಿಂದ ಬಂದಿದ್ದ ಮೊಮ್ಮಗನಿಗೆ, ಆಂಟಿಯ ಅಣ್ಣನ ಮಗನಿಗೆ, ಕೊಟ್ಟರು. ಅವನಿಗೆ ಕೈ ಸುಟ್ಟಿತು. ಜನ ನಕ್ಕು ಚಪ್ಪಾಳೆ ತಟ್ಟಿದರು. ಆಂಟಿಯೇ ಹೋಗಿ ಅವನಿಗೊಂದು ತಟ್ಟೆ ತಂದುಕೊಟ್ಟರು.

“ಮೂರು ತಲೆಮಾರು ಒಂದೇ ಬಿಸಿನೆಸ್‌ನಲ್ಲಿ. ಫ್ಯಾಮಿಲಿ ಅಂದ್ರೆ ಹಿಂಗಿರ್ಬೇಕು ನೋಡು,” ಎಂದರು ಅಪ್ಪ, ವಾಪಸು ಡ್ರೈವ್ ಮಾಡುತ್ತಾ.

“ಹೂಂ, ದುಡಿದೋಳು ಮಾತ್ರ ಲೆಕ್ಕಕ್ಕಿಲ್ಲ,” ಎಂದರು ಅಮ್ಮ.

“ಮೊಮ್ಮಗ ಅಲ್ವೇನೆ, ಮನೆ ಹೆಸರು ಉಳೀಬೇಕಲ್ಲ.”

ಅಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಅಪ್ಪನ ಮೇಲೆ ನನಗೆ ಅವತ್ತು ಬಂದ ಸಿಟ್ಟು ಪೂರ್ತಿ ಇಳಿದಿಲ್ಲ.

ಮರುದಿನವೂ ಆಂಟಿಯೇ ಹಳೆಯ ಅಂಗಡಿಯ ಬಾಗಿಲು ತೆಗೆದರು. ರಜೆ ಮುಗಿಯುವ ಹೊತ್ತಿಗೆ ಅವರು ಅಂಗಡಿ ಬಿಟ್ಟು ಹೋಗಿದ್ದರು. ಎಲ್ಲಿಗೆ ಹೋದರೆಂದು ಕೇಳಿದರೆ ಅಜ್ಜ ಕೇಳಿಸದವರಂತೆ ಚಿಲ್ಲರೆ ಎಣಿಸಿದರು.

ಅವರಿಲ್ಲದೆ ವ್ಯಾಪಾರ ಮುಳುಗುತ್ತದೆಂದು ನಾನು ವರ್ಷಗಟ್ಟಲೆ ಕಾದೆ. ಮುಳುಗಲಿಲ್ಲ. ಮೊಮ್ಮಗ ಈಗ ಡೆಟ್ರಾಯಿಟ್‌ವರೆಗೂ ಅಂಗಡಿ ಇಟ್ಟಿದ್ದಾನೆ. ನಾನೂ ಅವನ ಅಂಗಡಿಯಿಂದಲೇ ಕೊಳ್ಳುತ್ತೇನೆ. ರೊಟ್ಟಿ ಹಾಗೇ ಇದೆ, ಮೆತ್ತಗೆ, ರುಚಿಯಾಗಿ. ಕೆಟ್ಟಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೈಮುರಿದು ದುಡಿದವರನ್ನು ಮನೆಯವರಾದರೂ ಕೈಬಿಡುವುದಿಲ್ಲ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಆ ನಂಬಿಕೆ ಹೋಯಿತು, ಆಂಟಿಯೂ ಹೋದರು, ಅಂಗಡಿ ಮಾತ್ರ ಒಂದು ದಿನವೂ ಬಾಗಿಲು ಹಾಕಲಿಲ್ಲ.